ಎರಡು ವರ್ಷ ಕಾಯುವ ಹುಳಿ

"ಕೆಟ್ಟೋಗೈತೆ ಕಣಪ್ಪ ಇದು. ಹುಳಿ ವಾಸ್ನೆ ಹೊಡೀತೈತೆ. ಚೆಲ್ಲಾಕು."

ಬಾಟಲಿಯ ಮುಚ್ಚಳ ತೆಗೆದು ಒಂದು ನಿಮಿಷವೂ ಆಗಿರಲಿಲ್ಲ, ಅಡುಗೆಮನೆ ಬಾಗಿಲಿಂದ ಅವ್ವ ತೀರ್ಪು ಕೊಟ್ಟಿದ್ದಳು. ಬಾಟಲಿ ತಂದವನು ನನ್ನ ಹೈಸ್ಕೂಲ್ ಗೆಳೆಯ. ಬೆಲ್ಜಿಯಂ ದೇಶದ ಲ್ಯೂವನ್ ಎಂಬ ಊರಿನಲ್ಲಿ ಕೆಲಸಕ್ಕಿದ್ದಾನೆ. ಈ ಸಲ ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ನಾಲ್ಕು ಸಣ್ಣ ಬಾಟಲಿ ತಂದಿದ್ದ. ನಾಲ್ಕೂ ಬಿಯರ್. ನಾಲ್ಕೂ ಹುಳಿ.

"ಕೆಟ್ಟಿಲ್ಲ ಕಣವ್ವ," ಅಂದ ಅವನು. "ಎರಡು ವರ್ಷ ಮರದ ಪೀಪಾಯಿಲಿ ಮಡಗಿ ಬೇಕೂಂತ್ಲೇ ಹುಳಿ ಬರ್ಸಿರೋದು."

ಅವ್ವ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಎರಡು ವರ್ಷ ಮಾರ್ದೆ ಮಡಿಕಂಡ್ರೆ ಅಲ್ಲೀಗಂಟ ಮನೆ ಹೆಂಗೆ ನಡೀತಿತ್ತು?"

ಗೆಳೆಯನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಆ ಪ್ರಶ್ನೆಯ ಹಿಂದೆ ಬಿದ್ದು ಓದುತ್ತಾ, ಅವನನ್ನು ಕೇಳುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಅವ್ವ ಹಾಗೆ ಕೇಳಲು ಕಾರಣವಿದೆ. ನಮ್ಮದು ತಿಪಟೂರು ಸೀಮೆಯ ಕೊಬ್ಬರಿ ಮನೆ. ತೆಂಗಿನಕಾಯಿ ಕಿತ್ತ ಕೂಡಲೇ ಮಾರಿದರೆ ಅದು ಕಾಯಿ. ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಅದು ಉಂಡೆ ಕೊಬ್ಬರಿ. ಕಾಯಲು ತಾಳ್ಮೆ ಬೇಕು, ತಾಳ್ಮೆಗಿಂತ ಹೆಚ್ಚಾಗಿ ಬೇರೆ ಕಡೆಯಿಂದ ನಾಲ್ಕು ಕಾಸು ಬರುತ್ತಿರಬೇಕು. ಅಪ್ಪ ಆಸ್ಪತ್ರೆ ಸೇರಿದ ವರ್ಷ ನಮ್ಮ ಅಟ್ಟದ ಕಾಯಿಯನ್ನು ಅರ್ಧದಲ್ಲೇ ಇಳಿಸಿ ಮಾರಿದ್ದೆವು. ಆ ಲೆಕ್ಕ ಅವ್ವನಿಗೆ ಇವತ್ತಿಗೂ ನೆನಪಿದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕುಡಿತದಿಂದ ಮುರಿದ ಮನೆಗಳ ಸುದ್ದಿ ಬರೆದು ಬರೆದು ಕೈ ಸೋತವನು ನಾನು. ಯಾರನ್ನೂ ಕುಡಿಯಲು ಕರೆಯುವ ಬರಹ ಇದಲ್ಲ. ಒಂದು ಸೀಮೆಯ ಜನ ಹುಳಿಯನ್ನು ಹೇಗೆ ಉಳಿಸಿಕೊಂಡರು, ಅದರ ಬೆಲೆಯನ್ನು ಯಾರು ಕಟ್ಟಿದರು ಎಂಬ ಕಥೆ. ನಾವಿಬ್ಬರೂ ಎರಡು ಸಂಜೆ ಕೂತು, ಸ್ಟೀಲ್ ಲೋಟದಲ್ಲಿ ನಾಲ್ಕು ನಾಲ್ಕು ಗುಟುಕು ರುಚಿ ನೋಡಿ, ಅನಿಸಿದ್ದನ್ನು ನನ್ನ ವರದಿ ಪುಸ್ತಕದಲ್ಲೇ ಗೀಚಿಕೊಂಡೆವು.

ಊರು ಎಲ್ಲಿ?

ಬೆಲ್ಜಿಯಂ ಪುಟ್ಟ ದೇಶ. ನಮ್ಮ ಕರ್ನಾಟಕದ ಆರನೇ ಒಂದು ಭಾಗಕ್ಕಿಂತಲೂ ಕಡಿಮೆ ಜಾಗ. ಅದರ ಉತ್ತರದ ಅರ್ಧಕ್ಕೆ ಫ್ಲಾಂಡರ್ಸ್ ಎನ್ನುತ್ತಾರೆ. ಅಲ್ಲಿನವರ ಮಾತು ಡಚ್ ಭಾಷೆ. ಆ ಫ್ಲಾಂಡರ್ಸ್‌ನ ಪಶ್ಚಿಮ ಮೂಲೆಯಲ್ಲಿ ರೂಸಲಾರೆ, ವಿಖ್ತೆ, ಬೆಲ್ಲೆಗೆಮ್ ಎಂಬ ಊರುಗಳಿವೆ. ಅಲ್ಲಿಂದ ಸ್ವಲ್ಪ ಪೂರ್ವಕ್ಕೆ ಹೋದರೆ, ಸ್ಕೆಲ್ಡ್ ನದಿ ದಡದಲ್ಲಿ ಔಡೆನಾರ್ಡೆ.

ಪಶ್ಚಿಮದ ಊರುಗಳ ಹುಳಿ ಬಿಯರ್ ಕೆಂಪು ಬಣ್ಣದ್ದು, ಮರದ ಪೀಪಾಯಿಯಲ್ಲಿ ಮಾಗಿದ್ದು. ಔಡೆನಾರ್ಡೆಯದು ಕಂದು ಬಣ್ಣದ್ದು, ಮರ ಮುಟ್ಟದೆ ಮಾಗಿದ್ದು. ಅಲ್ಲಿಯ ಜನ ಇದಕ್ಕೆ ಔಡ್ ಬ್ರೌನ್, ಅಂದರೆ 'ಹಳೇ ಕಂದು' ಎನ್ನುತ್ತಾರೆ. ಎರಡಕ್ಕೂ ಒಂದೇ ಗುಣ: ಹಳೆಯದಾಗಬೇಕು, ಹುಳಿಯಾಗಬೇಕು, ಆದರೆ ಕೆಡಬಾರದು.

ಬಣ್ಣ ಬರುವುದು ಮಾಲ್ಟಿನಿಂದ. ಬಾರ್ಲಿ ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಮೊಳಕೆ ರಾಗಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿ ಹೆಚ್ಚು ಕೊಟ್ಟು ಹುರಿದಷ್ಟೂ ಕಾಳು ಕೆಂಪಾಗುತ್ತದೆ, ಕಂದಾಗುತ್ತದೆ. ಆ ಬಣ್ಣವೇ ಬಿಯರಿಗೆ ಇಳಿಯುತ್ತದೆ.

ಮೊದಲ ಬಾಟಲಿ: ಕುರುಡ ತಮ್ಮ, ಲೆಕ್ಕ ಬಲ್ಲ ಸೊಸೆ

ಅವ್ವ ಚೆಲ್ಲು ಅಂದ ಬಾಟಲಿ ರೋಡೆನ್‌ಬಾಖ್. ರೂಸಲಾರೆ ಊರಿನದು. ಮದ್ಯದ ಅಂಶ ಶೇಕಡಾ 5.2.

1821ರಲ್ಲಿ ರೋಡೆನ್‌ಬಾಖ್ ಮನೆತನದ ನಾಲ್ವರು ಅಣ್ಣತಮ್ಮಂದಿರು ಸೇರಿ ಆ ಊರಿನ ಒಂದು ಬ್ರೂವರಿ ಕೊಂಡರು. ಹದಿನೈದು ವರ್ಷ ಪಾಲುದಾರಿಕೆ ಎಂದು ಮಾತಾಯಿತು. ಅವರಲ್ಲೊಬ್ಬ ಅಲೆಕ್ಸಾಂಡರ್, ಹನ್ನೊಂದನೇ ವಯಸ್ಸಿಗೇ ಕಣ್ಣು ಕಳೆದುಕೊಂಡವನು. ಆ ಕಾಲದಲ್ಲಿ ಕುರುಡರಿಗೆ ಶಾಲೆ ಎಂಬುದೇ ಹೊಸ ಮಾತು. ಅವನು ಪ್ಯಾರಿಸ್‌ಗೆ ಹೋಗಿ ಓದಿ ಬಂದ. 1830ರಲ್ಲಿ ಬೆಲ್ಜಿಯಂ ಜನ ಡಚ್ ರಾಜನ ವಿರುದ್ಧ ಎದ್ದು ಹೊಸ ದೇಶ ಕಟ್ಟಿದರಲ್ಲ, ಆಗ ಹೊಸ ಸಂವಿಧಾನ ಬರೆದ ಸಭೆಯಲ್ಲಿ ಅಲೆಕ್ಸಾಂಡರ್ ಕೂತಿದ್ದ. ಮುಂದೆ ಸಂಸತ್ತಿನ ಸದಸ್ಯನಾದ, ರುಂಬೆಕೆ ಎಂಬ ಊರಿನ ಮೇಯರ್ ಆದ. ಇನ್ನೊಬ್ಬ ಸಹೋದರ ಪೆಡ್ರೊ ಸೈನಿಕ. ಅವನೂ 1830ರ ದಂಗೆಯಲ್ಲಿದ್ದವನೇ.

ದೇಶ ಕಟ್ಟಲು ಗಂಡಸರು ಓಡಾಡುತ್ತಿದ್ದರೆ ಬ್ರೂವರಿ ನೋಡಿಕೊಳ್ಳುವವರು ಯಾರು? ಪೆಡ್ರೊನ ಹೆಂಡತಿ ರೆಜಿನಾ ವೌಟರ್ಸ್. ಆಕೆ ಬ್ರೂವರಿ ಮನೆತನದಿಂದಲೇ ಬಂದ ಹೆಣ್ಣುಮಗಳು. ಹದಿನೈದು ವರ್ಷದ ಪಾಲುದಾರಿಕೆ ಮುಗಿದ ಮೇಲೆ, 1836ರಲ್ಲಿ ಗಂಡಹೆಂಡಿರು ಉಳಿದವರ ಪಾಲನ್ನೂ ಕೊಂಡರು. 1864ರಲ್ಲಿ ಅವರ ಮಗ ಎಡ್ವರ್ಡ್, 1878ರಲ್ಲಿ ಮೊಮ್ಮಗ ಯೂಜೀನ್ ಹೊಣೆ ಹೊತ್ತರು.

ಈ ಯೂಜೀನ್ ಇಂಗ್ಲೆಂಡಿಗೆ ಹೋಗಿ, ಓಕ್ ಮರದ ದೊಡ್ಡ ಪೀಪಾಯಿಗಳಲ್ಲಿ ಬಿಯರ್ ಮಾಗಿಸುವುದನ್ನೂ ಹಳೆಯದಕ್ಕೆ ಹೊಸದನ್ನು ಬೆರೆಸುವುದನ್ನೂ ಕಲಿತು ಬಂದ ಎಂದು ಬ್ರೂವರಿಯವರು ಹೇಳುತ್ತಾರೆ. ಆಗ ಲಂಡನ್ನಿನಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರನ್ನು ಮನೆಯಷ್ಟು ಎತ್ತರದ ಮರದ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಿದ್ದ ಕಾಲ ಕಳೆಯುತ್ತಾ ಬಂದಿತ್ತು. ಆ ತೊಟ್ಟಿಗಳ ಅಳತೆ ಎಷ್ಟಿತ್ತೆಂದರೆ, 1814ರ ಅಕ್ಟೋಬರ್ 17ರಂದು ಲಂಡನ್ನಿನ ಒಂದು ಬ್ರೂವರಿಯಲ್ಲಿ ತೊಟ್ಟಿಯೊಂದು ಒಡೆದು, ಬಿಯರ್ ಹೊಳೆಯಂತೆ ಪಕ್ಕದ ಬಡವರ ಕೇರಿಗೆ ನುಗ್ಗಿ ಎಂಟು ಮಂದಿ ಸತ್ತರು. ಸತ್ತವರು ಹೆಂಗಸರು ಮತ್ತು ಮಕ್ಕಳು.

ಇಂಗ್ಲೆಂಡು ಮುಂದೆ ಆ ಪದ್ಧತಿಯನ್ನು ಬಿಟ್ಟಿತು. ಕಲಿತು ಹೋದವನ ಊರಿನಲ್ಲಿ ಅದು ಉಳಿಯಿತು.

ರುಚಿ? ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ: "ಬಣ್ಣ: ಬೆಳಕಿಗೆ ಹಿಡಿದರೆ ಕೋಕಂ ಶರಬತ್ತು. ವಾಸನೆ: ಹಸಿ ಸೇಬು, ಸ್ವಲ್ಪ ವಿನೆಗರ್. ಬಾಯಿಗೆ ಹಾಕಿದಾಗ ಮೊದಲು ಸಿಹಿ, ಕೂಡಲೇ ಹುಳಿ, ನುಂಗಿದ ಮೇಲೆ ಬಾಯಿ ತೊಳೆದ ಹಾಗೆ. ಕಹಿ ಇಲ್ಲವೇ ಇಲ್ಲ." ಬಿಯರ್ ಅಂದರೆ ಕಹಿ ಎಂದುಕೊಂಡಿದ್ದವನಿಗೆ ಅದೇ ಮೊದಲ ಆಶ್ಚರ್ಯ. ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವು. ಹುಳಿ ಬರಿಸುವ ಸೂಕ್ಷ್ಮಜೀವಿಗಳನ್ನು ತಡೆಯುವುದೂ ಅದೇ ಹೂವು. ಹುಳಿ ಬೇಕಾದವರು ಆ ಹೂವನ್ನು ಕಡಿಮೆ ಹಾಕುತ್ತಾರೆ. ಬಾಗಿಲನ್ನು ಅಷ್ಟು ತೆರೆದಿಟ್ಟ ಹಾಗೆ.

ಎರಡನೇ ಬಾಟಲಿ: ಮರದೊಳಗೆ ಏನು ನಡೆಯುತ್ತದೆ?

ಎರಡನೆಯದು ಅದೇ ಮನೆಯ ಗ್ರಾಂಡ್ ಕ್ರೂ. ಶೇಕಡಾ 6. ಮೊದಲನೆಯದಕ್ಕಿಂತ ಹೆಚ್ಚು ಹುಳಿ, ಹೆಚ್ಚು ಒಗರು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಆ ಒಗರು ಮರದ್ದು.

ರೂಸಲಾರೆಯ ಆ ಬ್ರೂವರಿಯಲ್ಲಿ 294 ದೊಡ್ಡ ಓಕ್ ಪೀಪಾಯಿಗಳಿವೆ. ಅವುಗಳನ್ನು ಫೂಡರ್ ಎನ್ನುತ್ತಾರೆ. ನಿಂತ ಕಂಬದ ಹಾಗೆ ಸಾಲಾಗಿ ನಿಲ್ಲಿಸಿರುತ್ತಾರೆ. ಕೆಲವು 20,000 ಲೀಟರ್ ಹಿಡಿದರೆ ದೊಡ್ಡವು 65,000 ಲೀಟರ್ ಹಿಡಿಯುತ್ತವೆ. ಬೇಸಿಗೆಯಲ್ಲಿ ನಮ್ಮೂರಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರ್ ಲೆಕ್ಕದಲ್ಲಿ ಹದಿಮೂರು ಟ್ಯಾಂಕರ್ ಒಂದೇ ಪೀಪಾಯಿಗೆ. ಹಲಗೆಗಳಿಗೆ ಮೊಳೆ ಹೊಡೆದಿಲ್ಲ. ಕಬ್ಬಿಣದ ಪಟ್ಟಿಗಳು ಬಿಗಿದು ಹಿಡಿದಿರುತ್ತವೆ. ಕೆಲವಕ್ಕೆ ನೂರು ವರ್ಷ ದಾಟಿದೆ. ಸೋರಿದರೆ, ಸಡಿಲವಾದರೆ ಬಿಚ್ಚಿ ಹಲಗೆ ಬದಲಿಸಲು ಬ್ರೂವರಿಯಲ್ಲೇ ಪೀಪಾಯಿ ಬಡಗಿಗಳಿದ್ದಾರೆ.

ಒಳಗೆ ನಡೆಯುವುದು ಸರದಿಯ ಕೆಲಸ. ಮೊದಲು ಈಸ್ಟ್ ಬಂದು ಸಿಹಿಯನ್ನು ತಿಂದು ಮದ್ಯ ಮಾಡುತ್ತದೆ. ಆಮೇಲೆ ಹಾಲನ್ನು ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಾ ಕೆಲಸ ಶುರುಮಾಡುತ್ತವೆ. ಇದು ಮೊಸರಿನ ಹುಳಿ, ನಾಲಿಗೆಗೆ ಮೆತ್ತಗೆ. ಪೀಪಾಯಿಗೆ ಹೋದ ಮೇಲೆ ಬ್ರೆಟನೊಮೈಸಿಸ್ ಎಂಬ ನಿಧಾನದ ಈಸ್ಟ್, ಬೇರೆಯವರು ತಿನ್ನಲಾಗದೆ ಬಿಟ್ಟ ಸಿಹಿಯನ್ನು ಹುಡುಕಿ ಹುಡುಕಿ ತಿನ್ನುತ್ತದೆ. ಮರದ ಮೂಲಕ ಅಷ್ಟಿಷ್ಟು ಗಾಳಿ ಒಳಗೆ ಹೋಗುತ್ತದೆ. ಆ ಗಾಳಿ ಸಿಕ್ಕ ಇನ್ನೊಂದು ಬ್ಯಾಕ್ಟೀರಿಯಾ ಮದ್ಯವನ್ನು ವಿನೆಗರ್ ಮಾಡುತ್ತದೆ. ಇದು ಎರಡನೇ ಹುಳಿ, ಮೂಗಿಗೆ ಹೊಡೆಯುವಂಥದ್ದು. ಹುಳಿಯೂ ಮದ್ಯವೂ ತಿಂಗಳುಗಟ್ಟಲೆ ಜೊತೆಗಿದ್ದಾಗ ಹಣ್ಣಿನ ಪರಿಮಳ ಹುಟ್ಟುತ್ತದೆ. ನಮಗೆ ಸೇಬು, ನೇರಳೆ ಎನಿಸಿದ್ದು ಅದೇ. ಈ ಎರಡು ಬಾಟಲಿಗೂ ಹಣ್ಣು ಹಾಕಿರುವುದಿಲ್ಲ.

ಪೀಪಾಯಿ ಅಷ್ಟು ದೊಡ್ಡದೇಕೆ ಎಂದು ಕೇಳಿದೆ. ಗೆಳೆಯ ವಿವರಿಸಿದ. ಸಣ್ಣ ಪೀಪಾಯಿಯಲ್ಲಿ ಒಂದೊಂದು ಲೀಟರಿಗೂ ತಾಗುವ ಮರ ಹೆಚ್ಚು, ಗಾಳಿ ಹೆಚ್ಚು. ಬೇಗ ವಿನೆಗರ್ ಆಗಿಬಿಡುತ್ತದೆ. ದೊಡ್ಡದರಲ್ಲಿ ಗಾಳಿ ಕಡಿಮೆ, ನಡಿಗೆ ನಿಧಾನ. ಹುಳಿಗೂ ಕೆಡುವುದಕ್ಕೂ ನಡುವಿನ ಗೆರೆ ಅಂದರೆ ಆ ನಿಧಾನವೇ.

ಈಗ ಅವ್ವನ ಪ್ರಶ್ನೆಗೆ ಬರುತ್ತೇನೆ. ಉತ್ತರದ ಮೊದಲ ಭಾಗ ಬೆರಕೆಯಲ್ಲಿದೆ. ಮೊದಲ ಬಾಟಲಿಯಲ್ಲಿ ಎರಡು ವರ್ಷದ ಹಳೆಯ ಬಿಯರ್ ಇರುವುದು ನಾಲ್ಕನೇ ಒಂದು ಭಾಗ ಮಾತ್ರ. ಉಳಿದ ಮುಕ್ಕಾಲು ಹೊಸದು. ಗ್ರಾಂಡ್ ಕ್ರೂನಲ್ಲಿ ಮೂರರಲ್ಲಿ ಎರಡು ಭಾಗ ಹಳೆಯದು, ಒಂದು ಭಾಗ ಹೊಸದು. 20,000 ಲೀಟರಿನ ಒಂದು ಪೀಪಾಯಿ ಹಳೆಯ ಬಿಯರಿನಿಂದ ಮೊದಲ ಬಗೆಯದು 80,000 ಲೀಟರ್ ಆಗುತ್ತದೆ. ಗ್ರಾಂಡ್ ಕ್ರೂ ಆದರೆ 30,000 ಲೀಟರ್ ಅಷ್ಟೇ.

ಬೆರೆಸುವುದು ರುಚಿಗಾಗಿ ಎಂದು ಎಲ್ಲರೂ ಬರೆಯುತ್ತಾರೆ. ನಿಜವೇ. ಒಂದೊಂದು ಪೀಪಾಯಿ ಒಂದೊಂದು ಥರ ಹುಳಿಯುತ್ತದೆ, ಬೆರೆಸದಿದ್ದರೆ ಇವತ್ತಿನ ರುಚಿ ನಾಳೆ ಸಿಗದು. ಆದರೆ ಕೊಬ್ಬರಿ ಮನೆಯವನಾದ ನನಗೆ ಅದರಲ್ಲಿ ಇನ್ನೊಂದು ಲೆಕ್ಕವೂ ಕಾಣುತ್ತದೆ. ಹಳೆಯದರ ಬೆನ್ನ ಮೇಲೆ ಹೊಸದೂ ಮಾರಾಟವಾಗುತ್ತದೆ. ಅಟ್ಟ ಪೂರ್ತಿ ಖಾಲಿ ಮಾಡದೆ ದಿನದ ಖರ್ಚು ಹುಟ್ಟುತ್ತದೆ.

ಜಗತ್ತೆಲ್ಲ ಹುಳಿಯನ್ನು ಓಡಿಸುತ್ತಿದ್ದಾಗ

ಹಿಂದೆ ಮರದಲ್ಲಿ ಮಾಗಿಸಿದ ಬಿಯರಿಗೆಲ್ಲ ಅಷ್ಟಿಷ್ಟು ಹುಳಿ ತಗಲುತ್ತಿತ್ತು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಫ್ರಾನ್ಸಿನ ಲೂಯಿ ಪಾಶ್ಚರ್ 1876ರಲ್ಲಿ ಬಿಯರ್ ಬಗ್ಗೆಯೇ ಒಂದು ಪುಸ್ತಕ ತಂದು, ಬಿಯರ್ ಕೆಡುವುದು ಕಣ್ಣಿಗೆ ಕಾಣದ ಜೀವಿಗಳಿಂದ ಎಂದು ತೋರಿಸಿದ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹಾನ್ಸೆನ್ ಒಂದೇ ಜಾತಿಯ ಈಸ್ಟನ್ನು ಬೇರ್ಪಡಿಸಿ ಬೆಳೆಸಿದ. ಅಲ್ಲಿಂದ ಮುಂದೆ ಒಳ್ಳೆಯ ಬಿಯರ್ ಅಂದರೆ ಒಂದೇ ಈಸ್ಟ್, ಬೇರೆ ಯಾವ ಜೀವಿಯೂ ಇಲ್ಲ ಎಂದಾಯಿತು.

ತಮಾಷೆ ಎಂದರೆ, ಅದೇ ಕಾರ್ಲ್ಸ್‌ಬರ್ಗ್‌ನಲ್ಲಿ 1904ರಲ್ಲಿ ಕ್ಲೌಸೆನ್ ಎಂಬಾತ ಇಂಗ್ಲೆಂಡಿನ ಹಳೆಯ ಬಿಯರಿನ ವಿಶೇಷ ಪರಿಮಳಕ್ಕೆ ಕಾರಣವಾದ ನಿಧಾನದ ಈಸ್ಟನ್ನು ಗುರುತಿಸಿದ. ಅದಕ್ಕೆ ಬ್ರೆಟನೊಮೈಸಿಸ್ ಎಂದು ಹೆಸರಿಟ್ಟ. ಅಂದರೆ 'ಬ್ರಿಟನ್ನಿನ ಶಿಲೀಂಧ್ರ'. ಹೆಸರು ಬ್ರಿಟನ್ನಿನದಾಯಿತು, ಬದುಕು ಬೆಲ್ಜಿಯಂನಲ್ಲಿ ಉಳಿಯಿತು. ಬೇರೆಯವರು ಯಾವುದನ್ನು ರೋಗ ಎಂದು ಓಡಿಸುತ್ತಿದ್ದರೋ ಅದನ್ನು ರೂಸಲಾರೆಯ ಪೀಪಾಯಿಗಳು ಸಾಕಿಕೊಂಡವು.

ಇನ್ನೊಂದು ಪೆಟ್ಟು ಪಿಲ್ಸ್‌ನದು. 1842ರಲ್ಲಿ ಇಂದಿನ ಚೆಕ್ ದೇಶದ ಪಿಲ್ಸೆನ್ ಊರಿನಲ್ಲಿ ಹುಟ್ಟಿದ ತಿಳಿ ಹಳದಿ ಬಿಯರ್ ಅದು. ಇವತ್ತು ನಮ್ಮ ಅಂಗಡಿಗಳಲ್ಲಿ ಕಾಣುವುದೂ ಬಹುಪಾಲು ಅದರ ವಂಶವೇ. ಅದು ಕೆಲವೇ ವಾರಗಳಲ್ಲಿ ತಯಾರು. ಎರಡು ವರ್ಷಕ್ಕೂ ಕೆಲವು ವಾರಕ್ಕೂ ಪೈಪೋಟಿ ಇಟ್ಟರೆ ಗೆಲ್ಲುವುದು ಯಾರು?

ಮೂರನೆಯ ಪೆಟ್ಟು ಯುದ್ಧ. 1914ರಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂ ಹೊಕ್ಕಿತು. ರೂಸಲಾರೆ ನಾಲ್ಕು ವರ್ಷ ಅವರ ಕೈಯಲ್ಲಿತ್ತು. ಮದ್ದುಗುಂಡಿಗೆ ಲೋಹ ಬೇಕು ಎಂದು ಬ್ರೂವರಿಗಳ ತಾಮ್ರದ ಕೊಪ್ಪರಿಗೆಗಳನ್ನು ದೇಶದುದ್ದಕ್ಕೂ ಕಿತ್ತುಕೊಂಡು ಹೋದರು. ಯುದ್ಧಕ್ಕೆ ಮುಂಚೆ ಬೆಲ್ಜಿಯಂನಲ್ಲಿ ಮೂರು ಸಾವಿರದಷ್ಟು ಬ್ರೂವರಿಗಳಿದ್ದವು. ಎಷ್ಟೋ ಊರಿನ ಬ್ರೂವರಿಗಳು ಮತ್ತೆ ಒಲೆ ಹಚ್ಚಲೇ ಇಲ್ಲ.

ಮೂರನೇ ಬಾಟಲಿ: ಕುದುರೆಯಿಂದ ಬಿದ್ದ ಅರಸಿ

ಮೂರನೆಯ ಬಾಟಲಿಯ ಮೇಲೆ, ಕೈಮೇಲೆ ಡೇಗೆ ಹಕ್ಕಿ ಕೂರಿಸಿಕೊಂಡ ಹೆಣ್ಣೊಬ್ಬಳ ಚಿತ್ರ. ಹೆಸರು ಡಚೆಸ್ ದ ಬೂರ್ಗೋನ್ಯ, 'ಬರ್ಗಂಡಿಯ ಅರಸಿ'. ವಿಖ್ತೆ ಊರಿನ ವೆರ್‌ಹಾಗೆ ಕುಟುಂಬದ ಬ್ರೂವರಿಯದು. 1885ರಿಂದ ಅದೇ ಮನೆತನ. ಶೇಕಡಾ 6.2.

ಚಿತ್ರದಲ್ಲಿರುವವಳು ಮೇರಿ, 1457ರಲ್ಲಿ ಹುಟ್ಟಿದವಳು. ಅಪ್ಪ ಯುದ್ಧದಲ್ಲಿ ಸತ್ತಾಗ ಅವಳಿಗೆ ಇನ್ನೂ ಹತ್ತೊಂಬತ್ತು. ಆ 1477ರಲ್ಲಿ ಫ್ಲಾಂಡರ್ಸ್ ಮೊದಲಾದ ಸೀಮೆಗಳವರು ಅವಳ ಮುಂದೆ ಪಟ್ಟು ಹಿಡಿದು, ಅವಳ ಅಪ್ಪ ಕಸಿದುಕೊಂಡಿದ್ದ ತಮ್ಮ ಹಕ್ಕುಗಳನ್ನು ಬರೆಸಿಕೊಂಡರು. ಐದು ವರ್ಷ ಕಳೆದು, 1482ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡಳು. ವಯಸ್ಸು ಇಪ್ಪತ್ತೈದು. ಬ್ರೂಗೆ ನಗರದಲ್ಲಿ ಅವಳ ಸಮಾಧಿ ಇದೆ. ಫ್ಲಾಂಡರ್ಸ್ ಜನ ಇನ್ನೂ ಅವಳನ್ನು ಮರೆತಿಲ್ಲ ಎನ್ನುವುದಕ್ಕೆ ಈ ಬಾಟಲಿಯೇ ಸಾಕ್ಷಿ.

ಇದು ನಾಲ್ಕರಲ್ಲಿ ವಿನೆಗರ್ ವಾಸನೆ ಜೋರಾಗಿರುವ ಬಿಯರ್. ಗೆಳೆಯ ಮೂಗು ಸಿಂಡರಿಸಿದ. ನನಗೆ ಹಿಡಿಸಿತು. ಹುಣಸೆಹಣ್ಣು, ಬೆಲ್ಲ, ಉಪ್ಪು ಕುಟ್ಟಿ ಕಡ್ಡಿಗೆ ಸಿಗಿಸಿ ಶಾಲೆ ಗೇಟಿನ ಹತ್ತಿರ ಮಾರುತ್ತಿದ್ದರಲ್ಲ, ಆ ಹುಳಿಸಿಹಿಯ ಜಗ್ಗಾಟ ಇದರಲ್ಲೂ ಇದೆ. ಇದನ್ನೂ ಓಕ್ ಪೀಪಾಯಿಯಲ್ಲಿ ಮಾಗಿಸಿ, ಹಳೆಯದಕ್ಕೆ ಎಳೆಯದನ್ನು ಬೆರೆಸಿ ಮಾಡುತ್ತಾರೆ.

ಹತ್ತಿರದಲ್ಲೇ ಬೆಲ್ಲೆಗೆಮ್ ಊರಿನಲ್ಲಿ ಒಮೆರ್ ವಾಂಡರ್ ಖಿನ್ಸ್ಟೆ ಎಂಬ ಬ್ರೂವರಿ ಇದೆ. ಬಾಟಲಿ ನಮ್ಮ ಕೈಗೆ ಬಂದಿರಲಿಲ್ಲ, ಕಥೆ ಬಂತು. 1892ರಲ್ಲಿ ಅಪ್ಪ ಮಗನಿಗಾಗಿ ಬ್ರೂವರಿ ಹಾಕಿಕೊಟ್ಟ. ಮಗ ಒಮೆರ್ ಕುದುರೆಗಾಡಿಯಲ್ಲಿ ಮನೆಮನೆಗೆ ಬಿಯರ್ ಒಯ್ದು ಮಾರಿದ. ಹೋಟೆಲುಗಳ ಕಿಟಕಿಗೆ ತನ್ನ ಹೆಸರು ಬರೆದ ಬಣ್ಣದ ಗಾಜು ಕೂರಿಸಿ ಪ್ರಚಾರ ಮಾಡಿದ. ಗಾಜು ದುಬಾರಿ. ಮುಂದೆ ಮಗನ ಕಾಲಕ್ಕೆ ಹೆಸರು ಬದಲಾದರೆ ಗಾಜೆಲ್ಲ ದಂಡ! ಅದಕ್ಕೆ ಮಗನಿಗೂ ಒಮೆರ್ ಎಂದೇ ಹೆಸರಿಟ್ಟ. ಅವನು ತನ್ನ ಮಗನಿಗೂ ಅದನ್ನೇ ಇಟ್ಟ. ಗಾಜು ಉಳಿಸಲು ಹೆಸರನ್ನೇ ವಂಶಕ್ಕೆ ಬಿಟ್ಟ ಈ ಕಥೆಯನ್ನು ಬ್ರೂವರಿಯವರೇ ನಗುತ್ತಾ ಹೇಳಿಕೊಳ್ಳುತ್ತಾರೆ.

ಈ ಮನೆಯಲ್ಲಿ ಅವ್ವನ ಪ್ರಶ್ನೆಯ ಎರಡನೇ ಉತ್ತರ ಸಿಕ್ಕಿತು. ಅವರು ಹುಳಿ ಬಿಯರ್ ಒಂದನ್ನೇ ಮಾಡಿಕೊಂಡು ಕೂರಲಿಲ್ಲ. ಬೇಗ ತಯಾರಾಗುವ ಪಿಲ್ಸ್ ಕೂಡ ಮಾಡಿ ಮಾರಿದರು. ಬೇಗದ್ದು ಮನೆ ನಡೆಸಿತು, ನಿಧಾನದ್ದು ಪೀಪಾಯಿಯಲ್ಲಿ ಕಾದಿತು. ನಮ್ಮಲ್ಲಿ ಹಾಲಿನ ಡೇರಿ ದುಡ್ಡಲ್ಲಿ ಸಂತೆ ಖರ್ಚು ತೂಗಿಸಿ ಅಟ್ಟದ ಕೊಬ್ಬರಿ ಮುಟ್ಟದೆ ಇರುವ ಹಾಗೆ.

ನಾಲ್ಕನೇ ಬಾಟಲಿ: ರೋಸಮ್ಮನ ಕಂದು ಬಿಯರ್

ಎರಡನೇ ಸಂಜೆ ತೆರೆದದ್ದು ಗೌಡೆನ್‌ಬ್ಯಾಂಡ್. "ಗೌಡ್ರ ಬ್ಯಾಂಡ್‌ಸೆಟ್ಟಾ?" ಎಂದು ಅವ್ವ ಕೇಳಿ ನಗಿಸಿದಳು. ಡಚ್ ಮಾತಿನಲ್ಲಿ ಅದಕ್ಕೆ 'ಚಿನ್ನದ ಪಟ್ಟಿ' ಎಂಬ ಅರ್ಥ. ಔಡೆನಾರ್ಡೆಯ ಲೀಫ್‌ಮನ್ಸ್ ಬ್ರೂವರಿಯದು. ಆ ಬ್ರೂವರಿ ತನ್ನ ಇತಿಹಾಸವನ್ನು 1679ರಿಂದ ಎಣಿಸುತ್ತದೆ.

ಶೇಕಡಾ 8, ನಾಲ್ಕರಲ್ಲಿ ಇದೇ ಗಟ್ಟಿ. ಬಣ್ಣ ಹಳೇ ಬೆಲ್ಲದ ಅಚ್ಚಿನದು. ಹುಳಿ ಮುಂದೆ ಬಂದು ನಿಲ್ಲುವುದಿಲ್ಲ, ಹಿಂದೆ ನಿಂತು ಇಣುಕುತ್ತದೆ. ಒಣದ್ರಾಕ್ಷಿ, ಕಾಯಿಸಿ ಸೀದ ಸಕ್ಕರೆ, ಕೊನೆಗೆ ಎಲ್ಲೋ ಒಂದಿಷ್ಟು ಹುಣಸೆ. ಮರದ ಒಗರು ಇಲ್ಲ. ಇಲ್ಲಿ ಬಾಯಿ ತೆರೆದ ತೊಟ್ಟಿಗಳಲ್ಲಿ ಹುದುಗಿಸಿ, ಆಮೇಲೆ ಲೋಹದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಾರೆ. ಗಾಳಿ ಕಡಿಮೆ, ಆದ್ದರಿಂದ ವಿನೆಗರ್ ಕಡಿಮೆ. ಮೊಸರಿನ ಹುಳಿಯೇ ಹೆಚ್ಚು.

ಈ ಬ್ರೂವರಿಯ ಕಥೆಯಲ್ಲಿ ನನ್ನ ಮನಸ್ಸಿನಲ್ಲಿ ನಿಂತವರು ರೋಸ್ ಮರ್ಕ್ಸ್. ಬ್ಯಾಲೆ ನರ್ತಕಿಯಾಗಿದ್ದವರು 1946ರಲ್ಲಿ ಇಲ್ಲಿ ಮಾಲೀಕರ ಕಾರ್ಯದರ್ಶಿಯಾಗಿ ಸೇರಿದರು. ಪತ್ರ ಬರೆಯುತ್ತಾ ಬರೆಯುತ್ತಾ ಕೊಪ್ಪರಿಗೆಯ ಕೆಲಸ ಕಲಿತರು. 1970ರ ದಶಕದ ಆರಂಭದಲ್ಲಿ ಮಾಲೀಕರು ತೀರಿಕೊಂಡ ಮೇಲೆ ಬ್ರೂವರಿಯ ಹೊಣೆ ಇವರ ಹೆಗಲಿಗೆ ಬಂತು. ಬೆಲ್ಜಿಯಂನ ಮೊದಲ ಮಹಿಳಾ ಬ್ರೂಮಾಸ್ಟರ್ ಎಂದು ಇವರನ್ನೇ ಕರೆಯುತ್ತಾರೆ. ಬಾಟಲಿಗಳಿಗೆ ತೆಳು ಕಾಗದ ಸುತ್ತಿ ಮಾರುವ ರೂಢಿ ಈ ಬ್ರೂವರಿಯ ಗುರುತಾಯಿತು. 'ಮೇಡಂ ರೋಸ್' ಎಂಬ ಹೆಸರು ಫ್ಲಾಂಡರ್ಸ್‌ನಾಚೆಗೂ ಹೋಯಿತು.

ಈ ಹೆಸರುಗಳು ಹೊರಗೆ ಹೋಗಲು ಇನ್ನೊಬ್ಬರು ಕಾರಣ. ಮೈಕಲ್ ಜಾಕ್ಸನ್. ಹಾಡುಗಾರ ಅಲ್ಲ, ಅದೇ ಹೆಸರಿನ ಇಂಗ್ಲೆಂಡಿನ ಪತ್ರಕರ್ತ. 1977ರಿಂದ ಅವರು ಬಿಯರ್ ಬಗ್ಗೆ ಪುಸ್ತಕ ಬರೆಯುತ್ತಾ ಹೋದರು, ಫ್ಲಾಂಡರ್ಸ್‌ನ ಕೆಂಪು ಹುಳಿ ಬಿಯರನ್ನು ವೈನಿಗೆ ಹೋಲಿಸಿ ಹೊಗಳಿದರು. ಊರವರೇ ಅಜ್ಜಂದಿರ ಪಾನೀಯ ಎಂದು ಬದಿಗಿಟ್ಟಿದ್ದನ್ನು ಹೊರಗಿನವನೊಬ್ಬ ಎತ್ತಿ ತೋರಿಸಿದ. ಬರೆಯುವ ಕೆಲಸಕ್ಕೆ ಇಷ್ಟಾದರೂ ಬೆಲೆ ಇದೆ ಎಂದು ನನ್ನಂಥವರಿಗೆ ಸಮಾಧಾನ.

ಆದರೆ ಹೊಗಳಿಕೆಯಿಂದ ಸಾಲ ತೀರುವುದಿಲ್ಲ. ರೋಸ್ ಅವರ ನಂತರ ಬ್ರೂವರಿ ಕೈ ಬದಲಾಯಿಸಿತು. ಮಾಲ್ಟ್ ಕುದಿಸುವ ಕೆಲಸ ಬೇರೆ ಊರಿಗೆ ಹೋಯಿತು. 2007ರ ಕೊನೆಗೆ ಕಂಪನಿ ದಿವಾಳಿ. 1679ರಿಂದ ಎಣಿಸಿಕೊಂಡು ಬಂದ ಹೆಸರು ಹರಾಜಿನ ಬಾಗಿಲಿಗೆ ಬಂದಿತ್ತು. 2008ರಲ್ಲಿ ಡುವೆಲ್ ಮೋರ್ಟ್‌ಗಾಟ್ ಎಂಬ ದೊಡ್ಡ ಬ್ರೂವರಿ ಅದನ್ನು ಕೊಂಡಿತು. ಈಗ ಕುದಿಸಿದ ಮಾಲ್ಟಿನ ನೀರು ಲಾರಿಯಲ್ಲಿ ಬರುತ್ತದೆ, ಹುದುಗುವುದು ಮಾಗುವುದು ಔಡೆನಾರ್ಡೆಯ ಹಳೆಯ ಕಟ್ಟಡದಲ್ಲೇ.

ಹೆಪ್ಪು ಕೊಡುವುದು ನಿಂತಾಗ

ರೂಸಲಾರೆಯ ಕಥೆಗೂ ಇಂಥದೇ ತಿರುವು ಬಂತು. ಮೊಸರಿಗೆ ಹೆಪ್ಪು ಇಲ್ಲದ ದಿನ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವೆ. ರೋಡೆನ್‌ಬಾಖ್ ಕೂಡ ಸುತ್ತಮುತ್ತಲ ಸಣ್ಣ ಬ್ರೂವರಿಗಳಿಗೆ ತನ್ನ ಈಸ್ಟ್ ಕೊಡುತ್ತಿತ್ತು. ಆ ಈಸ್ಟ್ ಒಂಟಿಯಲ್ಲ, ಹುಳಿ ಬರಿಸುವ ಜೀವಿಗಳೂ ಕೂಡಿದ ಹೆಪ್ಪು. ಎಸೆನ್ ಎಂಬ ಊರಿನಲ್ಲಿ 1980ರಲ್ಲಿ ಶುರುವಾದ ಡೆ ಡೊಲ್ಲೆ ಬ್ರೌವರ್ಸ್, ಅಂದರೆ 'ಹುಚ್ಚು ಬ್ರೂವರ್‌ಗಳು', ಈ ಹೆಪ್ಪಿನಿಂದಲೇ ಬಿಯರ್ ಮಾಡುತ್ತಿದ್ದರು.

1998ರಲ್ಲಿ ರೋಡೆನ್‌ಬಾಖ್ ಅನ್ನು ಪಾಮ್ ಎಂಬ ಬ್ರೂವರಿ ಕೊಂಡಿತು. ಸ್ವಲ್ಪ ಕಾಲದಲ್ಲೇ ಹೆಪ್ಪು ಕೊಡುವುದು ನಿಂತಿತು. ಹುಚ್ಚು ಬ್ರೂವರ್‌ಗಳು ತಮ್ಮ ಈಸ್ಟನ್ನು ತಾವೇ ಸಾಕಿಕೊಳ್ಳಬೇಕಾಯಿತು. ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು. ಪಾಮ್ ಹಣ ಹಾಕಿತು, ಪೀಪಾಯಿಗಳನ್ನು ಉಳಿಸಿತು, ಕಾಯುವ ಪದ್ಧತಿಯನ್ನು ಮುರಿಯಲಿಲ್ಲ. ಕಾಯುವುದಕ್ಕೆ ಬೇಕಾದ ದುಡ್ಡು ಬಂತು. ಹೆಪ್ಪು ಹಂಚಿಕೊಳ್ಳುವ ನೆರೆಹೊರೆ ಹೋಯಿತು. ಎರಡೂ ನಿಜ.

ಅದೇ ಹೊತ್ತಿಗೆ ಹುಳಿಯ ವಿದ್ಯೆ ಬೇರೆ ದಾರಿ ಹಿಡಿದಿತ್ತು. ರೋಡೆನ್‌ಬಾಖ್‌ನಲ್ಲಿದ್ದ ಪೀಟರ್ ಬೌಕಾರ್ಟ್ ಎಂಬ ಬ್ರೂವರ್ 1996ರಲ್ಲಿ ಅಮೆರಿಕದ ಕೊಲರಾಡೊಗೆ ಹೋಗಿ, ನ್ಯೂ ಬೆಲ್ಜಿಯಂ ಎಂಬ ಬ್ರೂವರಿಯಲ್ಲಿ ಮರದ ಪೀಪಾಯಿ ಕೂರಿಸಿ ಹುಳಿ ಬಿಯರ್ ಶುರುಮಾಡಿದರು. ಇಂಗ್ಲೆಂಡಿನಿಂದ ಫ್ಲಾಂಡರ್ಸ್‌ಗೆ ಬಂದ ಕಲಿಕೆ ನೂರು ವರ್ಷದ ಮೇಲೆ ಕಡಲು ದಾಟಿತು. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಎರಡನೇ ಸಂಜೆ ಅವ್ವನಿಗೆ ಇಷ್ಟನ್ನೂ ಹೇಳಿದೆ. ಹಳೆಯದಕ್ಕೆ ಹೊಸದು ಬೆರೆಸಿ ಮಾರಿದರು, ಬೇಗದ್ದು ಮಾರಿ ನಿಧಾನದ್ದನ್ನು ಕಾಪಾಡಿದರು, ಅದೂ ಆಗದೆ ಹೋದಾಗ ದೊಡ್ಡವರ ಕೈಗೆ ಮಾರಿಕೊಂಡರು ಎಂದೆ. ಅವ್ವ ಗ್ಲಾಸಿನ ತಳದಲ್ಲಿದ್ದ ಗೌಡೆನ್‌ಬ್ಯಾಂಡನ್ನು ಇನ್ನೊಮ್ಮೆ ಮೂಸಿ ನೋಡಿದಳು. "ಹಳೇ ಹುಣ್ಸೆಹಣ್ಣಿನ ಮಡಕೆ ವಾಸ್ನೆ," ಅಂದಳು. ಚೆಲ್ಲು ಅನ್ನಲಿಲ್ಲ.

ರೂಸಲಾರೆಯಲ್ಲಿ ಪೀಪಾಯಿ ಹಣ್ಣಾಯಿತೇ ಎಂದು ಹೇಳುವುದು ಕ್ಯಾಲೆಂಡರ್ 아ಲ್ಲ, ರುಚಿ ನೋಡುವವನ ನಾಲಿಗೆ ಎಂದು ಗೆಳೆಯ ಹೇಳುತ್ತಿದ್ದ. ಅವ್ವ ಅಷ್ಟರಲ್ಲಿ ಅಟ್ಟದ ಏಣಿ ಹತ್ತಿದ್ದಳು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಗಿಟುಕು ಇನ್ನೂ ಚಿಪ್ಪು ಬಿಟ್ಟಿರಲಿಲ್ಲ, ಸದ್ದು ಬರಲಿಲ್ಲ.

"ಇನ್ನೂ ಎರಡು ತಿಂಗ್ಳು," ಅಂದು ಅದನ್ನು ಇದ್ದ ಜಾಗದಲ್ಲೇ ಇಟ್ಟಳು.